ಎಡಗಡೆಯ ಕನ್ನಡಿ

ಪ್ರೀತಿಯ ಅಪ್ಪನಿಗೆ,

ಬೈಕಿನ ಸೈಡ್ ಬಾಕ್ಸಿನಲ್ಲಿ, ಕುಂಕುಮದ ಡಬ್ಬಿಯ ಕೆಳಗೆ ಈ ಪತ್ರ ಸಿಕ್ಕಿದಾಗ ಗಾಬರಿಯಾಗಬೇಡಿ. ಮಣಿಪಾಲದಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಧೃತಿಯ ನೆಗಡಿ ಹೋಯಿತು. ನಿಮ್ಮ ಅಳಿಯ ಎಂದಿನಂತೆ ಆಫೀಸಿಗೆ ಹೋಗಿ ಬರುತ್ತಿದ್ದಾರೆ. ನನ್ನ ನಿದ್ದೆಯ ವಿಷಯ ಒಂದು ಕೇಳಬೇಡಿ. ಮಗು ಎಬ್ಬಿಸಿದಾಗ ಏಳುವುದು ಎಲ್ಲ ತಾಯಂದಿರಿಗೂ ಇದ್ದದ್ದೇ. ಅವಳು ಮಲಗಿದ ಮೇಲೂ ನನಗೆ ಕಣ್ಣು ಮುಚ್ಚುವುದಿಲ್ಲ. ಕೆಳಗೆ ರಸ್ತೆಯಲ್ಲಿ ಯಾರದೋ ಬೈಕು ಹೋದರೂ, ಅದು ನಿಮ್ಮದೇ ಎನ್ನುವ ಹಾಗೆ ತಿರುವಿನವರೆಗೂ ಕಿವಿಯಿಂದಲೇ ಅದರ ಹಿಂದೆ ಹೋಗುತ್ತೇನೆ.

ಹುಟ್ಟಿದಾಗಿನಿಂದ ನಿಮ್ಮ ಹತ್ತಿರ ತುಳುವಿನಲ್ಲೇ ಮಾತಾಡಿದವಳು ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಹೇಳಲು ಬಾಯಿ ತೆರೆದರೆ ನೀವು ಏನಾದರೊಂದು ಹೇಳಿ ನಗಿಸಿಬಿಡುತ್ತೀರಿ, ನಾನು ನಗುತ್ತೇನೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕಾಗದವನ್ನು ನೀವು ನಗಿಸಲಾರಿರಿ. ಅದಕ್ಕೇ ಈ ದಾರಿ.

ನಿಮ್ಮ ಮೊದಲ ಬೈಕು ನನಗೆ ನೆನಪಿರುವುದು ಅದರ ಟ್ಯಾಂಕಿನಿಂದ. ಕಡುಗೆಂಪು ಬಣ್ಣದ ಯೆಜ್ಡಿ. ಶಿರ್ವದ ಓಸ್ವಾಲ್ಡ್ ಅಂಕಲ್ ಮಸ್ಕತ್ತಿಗೆ ಹೊರಟಾಗ ನಿಮ್ಮ ಕೈಗೆ ಒಪ್ಪಿಸಿ ಹೋದದ್ದು. ಅದರ ಕಿಕ್ಕರೇ ಗೇರು ಕೂಡ. ತುಳಿದು ಸ್ಟಾರ್ಟ್ ಮಾಡಿದ ಕಡ್ಡಿಯನ್ನೇ ಮುಂದಕ್ಕೆ ತಿರುಗಿಸಿ ಗೇರು ಹಾಕಬೇಕು. ಅದನ್ನು ಕಲಿಸುವಾಗ ಅವರು, "ಭಟ್ರೇ, ಇದಕ್ಕೆ ಮಂತ್ರ ನಡೆಯುವುದಿಲ್ಲ, ಕಾಲಿಗೆ ಬಲ ಬೇಕು" ಎಂದರಂತೆ. "ಮಂತ್ರ ಪೆಟ್ರೋಲ್ ಮುಗಿದ ಮೇಲೆ ಹೇಳುವುದಕ್ಕೆ ಇಟ್ಟುಕೊಂಡಿದ್ದೇನೆ ಮಾರಾಯ್ರೆ" ಎಂದಿರಂತೆ ನೀವು. ಈ ಕತೆಯನ್ನು ನೀವು ಎಷ್ಟು ಸಲ ಹೇಳಿದ್ದೀರಿ ಎಂದರೆ, ಆಗ ಹೊಟ್ಟೆಯಲ್ಲಿದ್ದ ನಾನೂ ಅಲ್ಲೇ ನಿಂತು ಕೇಳಿದ್ದೆ ಅನ್ನಿಸುತ್ತದೆ.

ಕಾಪುವಿನಲ್ಲಿ ಅರ್ಚಕರೊಬ್ಬರು ಮೋಟಾರ್ ಸೈಕಲ್ ಹತ್ತಿದ್ದು ಆಗ ದೊಡ್ಡ ಸುದ್ದಿಯಂತೆ. ಮಡಿಯುಟ್ಟು ಬೈಕಿನಲ್ಲಿ ಕೂರಬಹುದೇ ಎಂದು ದೇವಸ್ಥಾನದ ಹಿರಿಯರು ಸಭೆ ಸೇರಿದರು. ಸೀಟು ಚರ್ಮದ್ದಲ್ಲ, ರೆಕ್ಸಿನ್ನಿನದು ಎಂದು ತೋರಿಸಲು ನೀವು ಅಮ್ಮನ ಹೊಲಿಗೆ ಕತ್ತರಿಯಿಂದ ಅದರ ಅಂಚನ್ನು ಕತ್ತರಿಸಿ ಅವರ ಮುಂದಿಟ್ಟಿರಿ. ಕೊನೆಗೆ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಮಿಂದು ಪೂಜೆಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಯಾರೂ ಕೂರಬಾರದು, ದಾರಿಯಲ್ಲಿ ಯಾರೂ ನಿಮ್ಮನ್ನು ಮುಟ್ಟಬಾರದು. ಹಾಗಾಗಿ ಬೆಳಗಿನ ಹೊತ್ತು ನಿಮ್ಮ ಬೈಕಿನಲ್ಲಿ ನೀವು ಯಾವಾಗಲೂ ಒಬ್ಬರೇ.

ಆ ನಿಯಮದ ಹೊರಗೆ ಇದ್ದವಳು ನಾನೊಬ್ಬಳು. ಹಾಲು ಕುಡಿಯುವ ಮಗುವಿಗೆ ಮಡಿ ಮೈಲಿಗೆ ಇಲ್ಲವಲ್ಲ. ನನ್ನ ಅನ್ನಪ್ರಾಶನದ ಬೆಳಗ್ಗೆ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿ, ಶಾಲಿನಿಂದ ನಿಮ್ಮ ಹೊಟ್ಟೆಗೆ ಕಟ್ಟಿಕೊಂಡು ದೇವಸ್ಥಾನಕ್ಕೆ ಕರೆದುಕೊಂಡು ಹೋದಿರಿ. ಆಮೇಲೆ ಅದೇ ಅಭ್ಯಾಸವಾಯಿತು. ಬೆಚ್ಚಗಿನ ಟ್ಯಾಂಕು, ಪೆಟ್ರೋಲ್ ಮುಚ್ಚಳದ ತಣ್ಣನೆಯ ಅಂಚು, ನನ್ನ ಬೆನ್ನಿಗೆ ತಾಗುತ್ತಿದ್ದ ನಿಮ್ಮ ಒದ್ದೆ ಪಂಚೆ, ಗಂಧದ ಪರಿಮಳದ ಜೊತೆ ಎಣ್ಣೆಯ ವಾಸನೆ. ಲೋಕ ಎಂದರೆ ಎರಡು ಕೈಗಳ ನಡುವೆ ಕಾಣುವ ರಸ್ತೆ ಎಂದೇ ತಿಳಿದಿದ್ದೆ. ಒಂದು ದಿನ ಗೇಟಿನ ಹತ್ತಿರ ನಿಂತು, "ಇನ್ನು ನೀನು ದೊಡ್ಡವಳು ಮಗಾ" ಎಂದು ನನ್ನನ್ನು ಬಿಟ್ಟು ಹೋದಿರಿ. ನಾನು ಅಳಲಿಲ್ಲವಂತೆ. ಎರಡು ಸೈಲೆನ್ಸರಿನ ಶಬ್ದ ದೂರವಾಗುವುದನ್ನು ಕೇಳುತ್ತಾ ನಿಂತಿದ್ದೆನಂತೆ. ಸ್ವಲ್ಪ ಹೊತ್ತಿಗೆ ಆಚೆಯಿಂದ ದೇವಸ್ಥಾನದ ದೊಡ್ಡ ಘಂಟೆ ಕೇಳಿಸಿತು. "ದೇವಸ್ಥಾನ ಮುಟ್ಟಿದರು" ಎಂದು ಅಮ್ಮ ಒಲೆಯ ಕಡೆ ತಿರುಗಿದಳು. ಆಗ ಹೆದ್ದಾರಿ ಅಷ್ಟು ಅಗಲ ಇರಲಿಲ್ಲ. ಘಂಟೆಯ ಸದ್ದು ಅದನ್ನು ದಾಟಿ ನಮ್ಮ ಮನೆಗೆ ಬರುತ್ತಿತ್ತು.

ಮಡಿಯಿಲ್ಲದ ಸಂಜೆಗಳಲ್ಲಿ ಯೆಜ್ಡಿ ನಮ್ಮೆಲ್ಲರದ್ದೂ ಆಗುತ್ತಿತ್ತು. ಅಮ್ಮನ ತವರು ಕಾರ್ಕಳಕ್ಕೆ ಹೋಗುವಾಗ ಬೆಳ್ಮಣ್ಣಿನ ಆಚೆಯ ಏರಿನಲ್ಲಿ ಅದಕ್ಕೆ ಏದುಸಿರು. ಅಮ್ಮ ಇಳಿದು ನಡೆಯಬೇಕು. ನೀವು ಮೇಲೆ ಹೋಗಿ ನಿಂತು, "ನಳಿನಾಕ್ಷೀ, ಸೆಕೆಂಡ್ ಗೇರಿಗೆ ಹಾಕು" ಎಂದು ಕೂಗುವುದು. ಅವಳು ಸೆರಗಿನಿಂದ ಮುಖ ಒರೆಸುತ್ತಾ ಬಂದು, "ಗಾಡಿಗೆ ಭಾರ ಆಗುವುದು ನಾನಲ್ಲ, ನಿಮ್ಮ ಹೊಟ್ಟೆ. ಮುಂದಿನ ಸಲ ನೀವು ಇಳಿಯಿರಿ, ನಾನು ಬಿಡುತ್ತೇನೆ" ಎನ್ನುವುದು. ಅವಳು ಒಮ್ಮೆಯೂ ಬಿಡಲಿಲ್ಲ. ನೀವು ಒಮ್ಮೆಯೂ ಇಳಿಯಲಿಲ್ಲ.

ಯೆಜ್ಡಿಗೆ ಸಾಮಾನು ಸಿಗದೆ ಹೋದಾಗ ಹೀರೋ ಹೋಂಡಾ ಬಂತು. ಶಬ್ದವೇ ಇಲ್ಲದ ಗಾಡಿ. ದೇವಸ್ಥಾನದ ಅಂಗಳದಲ್ಲಿ ಮಲಗಿದ ನಾಯಿಗಳೂ ಏಳುತ್ತಿರಲಿಲ್ಲ. "ಇದು ಗಾಡಿಯಾ, ಹೊಲಿಗೆ ಮಿಷನ್ನಾ?" ಎಂದು ಬೈಯುತ್ತಲೇ ಅದನ್ನು ಎಷ್ಟು ವರ್ಷ ಓಡಿಸಿದಿರಿ. ಈ ಕಬ್ಬಿಣದ ಸೈಡ್ ಬಾಕ್ಸ್ ಮೊದಲು ಹಾಕಿಸಿದ್ದು ಅದಕ್ಕೇ. ಕುಂಕುಮ, ಕರ್ಪೂರ, ನಿಂಬೆಹಣ್ಣು, ಒಂದು ಬೆಂಕಿಪೆಟ್ಟಿಗೆ. ಅಷ್ಟು ಹೊತ್ತಿಗೆ ವಾಹನ ಪೂಜೆ ಎಂದರೆ ನೀವೇ ಎಂದಾಗಿತ್ತು. ಉಡುಪಿಯ ಶೋರೂಮಿನಿಂದ ಹೊಸ ಗಾಡಿ ತಂದವರು ಮನೆಗೆ ಹೋಗುವ ಮೊದಲು ನಿಮ್ಮಲ್ಲಿಗೆ ಬರುತ್ತಿದ್ದರು. ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು, "ಈಗ ಮುಂದೆ ಹೋಗಿ, ನಿಧಾನ" ಎನ್ನುವಾಗಿನ ನಿಮ್ಮ ಸ್ವರ ನನಗೆ ಇಷ್ಟ. ಮಂತ್ರಕ್ಕಿಂತ ಆ "ನಿಧಾನ"ದಲ್ಲೇ ನಿಮ್ಮ ಪ್ರಾರ್ಥನೆ ಇರುತ್ತಿತ್ತು. ಪೇಪರಿನಲ್ಲಿ ಅಪಘಾತದ ಸುದ್ದಿ ಬಂದರೆ ನೀವು ಹೆಸರಿಗಿಂತ ಮೊದಲು ಊರು ನೋಡುವುದು, ಹತ್ತಿರದ ಊರಾದರೆ ಆ ದಿನ ಊಟಕ್ಕೆ ತಡವಾಗಿ ಬರುವುದು, ನಾನು ಚಿಕ್ಕಂದಿನಿಂದ ನೋಡಿದ್ದೇನೆ. "ನಾವು ಕೇಳಿಕೊಳ್ಳುವುದು ಅಷ್ಟೇ" ಎಂದು ಒಮ್ಮೆ ಹೇಳಿದಿರಿ, ಯಾರಿಗೋ ಅಲ್ಲ, ಅನ್ನದ ತಟ್ಟೆಗೆ.

ನನಗೆ ಬೈಕು ಕಲಿಸಿದ್ದೂ ಅದೇ ಹೀರೋ ಹೋಂಡಾದಲ್ಲಿ, ಕಾಪುವಿನ ದೀಪಸ್ತಂಭದ ರಸ್ತೆಯಲ್ಲಿ. ಮೀನು ಮಾರಿ ಬರುವ ಹೆಂಗಸರು ನಿಂತು, "ಭಟ್ರೇ, ಮಗಳನ್ನು ಪೊಲೀಸಿಗೆ ಸೇರಿಸುತ್ತೀರಾ?" ಎಂದು ಕೇಳುತ್ತಿದ್ದರು. "ಮೊದಲು ಬ್ರೇಕಿಗೆ ಸೇರಿಸುತ್ತೇನೆ, ಮತ್ತೆ ಪೊಲೀಸಿಗೆ" ಎಂದು ಹಿಂದಿನ ಸೀಟಿನಿಂದ ನೀವು. ರಸ್ತೆ ದಾಟುವಾಗ ಎಡಗಡೆ ನೋಡು, ಬಲಗಡೆ ನೋಡು, ಪುನಃ ಎಡಗಡೆ ನೋಡು ಎಂದು ಕಲಿಸಿದಿರಿ. ಶಾಲೆಯಲ್ಲಿ ಬೇರೆ ಹೇಳಿಕೊಟ್ಟಿದ್ದಾರಲ್ಲ, ಎಡಗಡೆಗೆ ಎರಡು ಸಲ ಯಾಕೆ ಎಂದು ಕೇಳಿದೆ. "ಬಲಗಡೆಯವನು ತಾನಾಗಿಯೇ ಕಾಣುತ್ತಾನೆ. ಎಡಗಡೆಯವನನ್ನು ಹುಡುಕಬೇಕು" ಎಂದಿರಿ. ಕಾಲೇಜಿಗೆ ಉಡುಪಿಗೆ ಅದೇ ಬೈಕಿನಲ್ಲಿ ಹೋದೆ, ಬಂದೆ. ಎಲ್ಲಿಯೂ ಬೀಳಲಿಲ್ಲ. ನೀವು ಹೇಳಿದ ಹಾಗೆ ಎಡಗಡೆಯವನನ್ನು ಹುಡುಕುತ್ತಲೇ ಇದ್ದೆ.

ನಾನು ಪಾಠ ಮಾಡುವ ಕೆಲಸಕ್ಕೆ ಸೇರಿದ ವರ್ಷ ಈಗಿನ ಕಪ್ಪು ಬೈಕು ಬಂತು. ಸೈಡ್ ಬಾಕ್ಸ್ ಹಳೆಯದೇ. ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಗಾಡಿಯನ್ನು ನೀವು ಈಗಲೂ ಕಾಲಿನಿಂದಲೇ ತುಳಿಯುತ್ತೀರಿ. "ಅದಕ್ಕೂ ಗೊತ್ತಾಗಬೇಕು, ಯಾರು ಹತ್ತಿದ್ದು ಅಂತ."

ಇನ್ನು ನಗಿಸಬೇಡಿ ಅಪ್ಪ, ಇಲ್ಲಿಂದ ಮುಂದೆ ಓದಿ.

ಬಾಣಂತನಕ್ಕೆ ನಾನು ಕಾಪುವಿನಲ್ಲಿದ್ದಾಗ, ಮಗುವನ್ನು ಮೊದಲ ಸಲ ದೇವಸ್ಥಾನಕ್ಕೆ ತಂದ ದಿನ. ಮಲ್ಪೆಯಲ್ಲಿ ಬೋಟಿಗೆ ಹೋಗುವ ತಾರಾನಾಥ ಹೊಸ ಬೈಕು ತಂದಿದ್ದ, ಜೊತೆಗೆ ಅವನ ತಾಯಿ. ನೀವು ಎರಡೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿರಿ. ಆರತಿ ತಟ್ಟೆ ತೆಗೆಯಲು ತಿರುಗುವಾಗ ನಿಮ್ಮ ಎಡಗಾಲಿನ ಹಿಮ್ಮಡಿ ತಾಗಿ ಹಿಂದಿನ ಚಕ್ರದ ನಿಂಬೆಹಣ್ಣು ಉರುಳಿ ಹೋಯಿತು. ಅಲ್ಲಿದ್ದವರೆಲ್ಲ ನೋಡಿದೆವು. ನೀವೂ ನೋಡಿದ್ದೀರಿ, ಈಗ ಸರಿ ಮಾಡುತ್ತೀರಿ ಎಂದುಕೊಂಡೆವು. ನೀವು, "ಈಗ ಮುಂದೆ ಹೋಗಿ, ನಿಧಾನ" ಎಂದಿರಿ. ಒಂದು ಹಣ್ಣು ಅಪ್ಪಚ್ಚಿಯಾಯಿತು, ಇನ್ನೊಂದು ಹಾಗೇ ಉಳಿಯಿತು. ತಾರಾನಾಥನ ತಾಯಿ ಅದನ್ನು ಹೆಕ್ಕಿ ನಿಮ್ಮ ಎಡಗಡೆಯಿಂದ ಚಾಚಿದರು. "ಭಟ್ರೇ, ಇದು ಹಾಗೇ ಉಂಟಲ್ಲ." ಅವರ ಕೈ ನಿಮ್ಮ ಭುಜದ ಹತ್ತಿರವೇ ಇತ್ತು. ನೀವು ಎದುರು ನೋಡುತ್ತಾ, "ಎಂತ ಉಂಟು? ಎಲ್ಲಿ?" ಎಂದು ಕೇಳಿದಿರಿ.

ಆ ಹೆಂಗಸಿನ ಮುಖ ನನಗೆ ಮರೆಯುವುದಿಲ್ಲ. ಮಗ ಸಮುದ್ರಕ್ಕೆ ಹೋಗುವವನು. ಈಗ ಬೈಕೂ ಬಂತು. ಆ ಉಳಿದ ನಿಂಬೆಹಣ್ಣನ್ನು ಅವರು ಮನೆಗೆ ಹೋಗಿ ಏನು ಮಾಡಿದರೋ.

ಅಂದಿನಿಂದ ನಾನು ನಿಮ್ಮನ್ನೇ ನೋಡತೊಡಗಿದೆ. ಎಡಗಡೆ ಇಟ್ಟ ಕಾಫಿಯ ಲೋಟ ಚೆಲ್ಲುವುದು. ಅಡುಗೆಮನೆಯ ಬಾಗಿಲಿನ ದಾರಂದಕ್ಕೆ ಎಡಭುಜ ತಾಗುವುದು. ಬೈಕಿನ ಎಡಗಡೆಯ ಕನ್ನಡಿ ಒಡೆದು ಬರೇ ಕಡ್ಡಿ ನಿಂತಿತ್ತು. ಕರು ತಾಗಿದ್ದು ಎಂದಿರಿ. ಯಾವ ಕರು ಅಪ್ಪ? ನಮ್ಮ ಬೀದಿಯಲ್ಲಿ ದನ ಸಾಕುವವರು ಈಗ ಯಾರೂ ಇಲ್ಲ.

ಮಗುವಿಗೆ ಇಂಜೆಕ್ಷನ್ ಇದೆ, ಒಬ್ಬಳೇ ಹೋಗಲು ಆಗುವುದಿಲ್ಲ ಎಂದು ನಿಮ್ಮನ್ನು ಮಣಿಪಾಲಕ್ಕೆ ಕರೆಸಿ, ಅಲ್ಲಿಂದ ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋದೆ. ಕತ್ತಲೆ ಕೋಣೆಯ ಒಂದು ಯಂತ್ರದಲ್ಲಿ ಗದ್ದ ಇಡಲು ಹೇಳಿದರು. ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಂಡರೂ ಬಟನ್ ಒತ್ತಬೇಕು. ನೀವು ಹೊರಗೆ ಬಂದು, "ಅವರ ಮಿಷನ್ ಕೆಟ್ಟಿದೆ ಅಂತ ಕಾಣುತ್ತದೆ. ಸುಮಾರು ಹೊತ್ತು ಬೆಳಕೇ ಬರಲಿಲ್ಲ" ಎಂದಿರಿ. ಬೆಳಕು ಬರುತ್ತಲೇ ಇತ್ತು ಅಪ್ಪ. ಎಡಗಡೆ ಬರುತ್ತಿತ್ತು. ಕಣ್ಣಿನ ನರ ಒಣಗಿದ ಹಾಗೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಉಳಿಸಲು ಮದ್ದು ಬಿಡಬೇಕು ಎಂದರು ಡಾಕ್ಟರು. ಗಾಡಿ ಓಡಿಸಲೇಬಾರದು ಎಂದರು. "ಅವರು ಹೇಳಿದ್ದು ಕಾರಿಗೆ. ನನ್ನದು ಬೈಕು" ಎಂದು ನೀವು ಲಿಫ್ಟಿನಲ್ಲಿ. ಮನೆಗೆ ಬಂದು ಪಂಚಾಂಗದ ಸಣ್ಣ ಅಕ್ಷರಗಳನ್ನು ಕನ್ನಡಕವಿಲ್ಲದೆ ಓದಿ ತೋರಿಸಿದಿರಿ. "ಈ ಕಣ್ಣಿಗೆ ಎಂತ ಆಗಿದೆ, ಹೇಳು ನೋಡುವ?" ಎದುರು ಇದ್ದದ್ದು ನಿಮಗೆ ಚೆನ್ನಾಗಿಯೇ ಕಾಣುತ್ತದೆ. ಕಾಣದೆ ಇರುವುದು ಕಾಣುತ್ತಿಲ್ಲ ಎಂದು ನಿಮಗೆ ಗೊತ್ತಾಗುವುದು ಹೇಗೆ? ಅದನ್ನು ನಾನು ನಿಮಗೆ ತೋರಿಸುವುದು ಹೇಗೆ?

ಅಮ್ಮನಿಗೆ ಹೇಳಿದೆ. "ನಾನು ಹೇಳಿದರೆ ಕೇಳುತ್ತಾರಾ? ನೀನು ಮುದ್ದಿನ ಮಗಳು, ನೀನೇ ಹೇಳು" ಎಂದಳು. ಅಭಿರಾಮ್ ಹತ್ತಿರ ಹೇಳಿದೆ. "ಅಳಿಯ ಹೇಳಿದರೆ ಅದು ಬೇರೆ ಥರ ಕೇಳುತ್ತದೆ ಶರ್ವಾಣಿ" ಎಂದರು. ಬೆಳಗ್ಗೆ ಕಾರಿನಲ್ಲಿ ಬಿಡುವುದಕ್ಕೆ ಪಕ್ಕದ ಮನೆಯವರು ಒಪ್ಪಿದರು. ಮಡಿಯಲ್ಲಿ ಇನ್ನೊಬ್ಬರ ಪಕ್ಕ ಕೂರುವುದು ಹೇಗೆ ಎಂದಿರಿ. ನಡೆದು ಹೋಗಿ ಎಂದರೆ, ಬೈಕಿಗೆ ಎಂತ ಆಯಿತು ಎಂದು ದಾರಿಯುದ್ದಕ್ಕೂ ಕೇಳುತ್ತಾರೆ ಎಂದಿರಿ. ನಿಮ್ಮ ನಿಜವಾದ ಉತ್ತರ ನನಗೆ ಅಮ್ಮನಿಂದ ತಿಳಿಯಿತು. "ಕಣ್ಣು ಕಾಣದ ಭಟ್ಟ ಅಂತ ಒಮ್ಮೆ ಹೆಸರು ಬಿದ್ದರೆ, ಯಾವ ತಾಯಿ ಮಗನ ಗಾಡಿಯನ್ನು ನನ್ನ ಹತ್ತಿರ ತರುತ್ತಾಳೆ?" ಎಂದಿರಂತೆ. ಎಂ.ಕಾಂ. ಮಾಡಿದವಳು, ಒಂದಿಡೀ ತರಗತಿಯನ್ನು ಸುಮ್ಮನೆ ಕೂರಿಸಿದವಳು, ಈ ಒಂದು ಪ್ರಶ್ನೆಯನ್ನು ರಾತ್ರಿಯೆಲ್ಲ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ.

ಅಷ್ಟರಲ್ಲಿ ನೀವು ಮಗುವನ್ನು ಕೇಳತೊಡಗಿದಿರಿ. ಫೋನ್ ಮಾಡಿದಾಗಲೆಲ್ಲ ಅದೇ ಮಾತು. "ಏಳನೇ ತಿಂಗಳಲ್ಲಿ ಅನ್ನಪ್ರಾಶನ. ಟ್ಯಾಂಕಿನ ಮೇಲೆ ಕೂರಿಸಿಕೊಂಡೇ ಹೋಗುವುದು, ನಿನ್ನನ್ನು ಕರೆದುಕೊಂಡು ಹೋದ ಹಾಗೆ. ಕುತ್ತಿಗೆ ನಿಂತಿತಲ್ಲ?" ಕುತ್ತಿಗೆ ಎಂದೋ ನಿಂತಿತ್ತು. ನಾನು ಇನ್ನೂ ಇಲ್ಲ ಎಂದೆ, ನೆಗಡಿ ಎಂದೆ, ಬಿಸಿಲು ಎಂದೆ. ನೀವು ಆ ಶಾಲನ್ನು ಪೆಟ್ಟಿಗೆಯಿಂದ ತೆಗೆದು ಒಗೆಸಿ ಇಟ್ಟಿದ್ದೀರಿ ಎಂದು ಅಮ್ಮ ಹೇಳಿದಾಗ, ಬಾತ್ರೂಮಿನ ನಲ್ಲಿ ತೆರೆದು ಅತ್ತುಬಿಟ್ಟೆ. ಮಗುವನ್ನು ನಿಮ್ಮ ಕೈಗೆ ಕೊಡುವುದಿಲ್ಲ ಎಂದರೆ ನಿಮ್ಮನ್ನು ಕೊಂದ ಹಾಗೆ. ಕೊಟ್ಟರೆ? ಮುಂದೆ ಯೋಚಿಸಲು ಆಗುತ್ತಿರಲಿಲ್ಲ.

ಆ ದಿನ ಬಂದೇ ಬಂತು. ನಾವು ಬೆಳಗ್ಗೆ ಕಾರಿನಲ್ಲಿ ಬಂದಾಗ ಬೈಕು ಗೇಟಿನ ಹತ್ತಿರ ತೊಳೆದು ನಿಂತಿತ್ತು, ಹ್ಯಾಂಡಲಿಗೆ ಸೇವಂತಿಗೆ ಮಾಲೆ. ನೀವು ಮಡಿಯುಟ್ಟು ಕೈ ಚಾಚಿದಿರಿ. ಅವಳು ಹೋಗುವುದಿಲ್ಲ ಎಂದು ಅಳಲಿ ಎಂದು ದೇವರನ್ನು ಬೇಡಿಕೊಂಡೆ. ಅವಳು ನಗುತ್ತಾ ನಿಮ್ಮ ಜನಿವಾರ ಹಿಡಿದಳು. ನೀವು ಅವಳನ್ನು ಟ್ಯಾಂಕಿನ ಮೇಲೆ ಕೂರಿಸಿದಿರಿ.

ನೀವು ಬೈಕು ಹತ್ತಲಿಲ್ಲ. ಬಲಗಡೆ ನಿಂತು ಹ್ಯಾಂಡಲ್ ಹಿಡಿದು, ನನ್ನ ಮುಖ ನೋಡದೆ, "ಎಡಗಡೆಗೆ ನೀನು ಬಾ. ಮಗುವನ್ನು ಹಿಡಿದುಕೋ" ಎಂದಿರಿ. ನಾನು ಬಂದರೆ ಮಡಿ? ಅಮ್ಮನೂ ಅದನ್ನೇ ಕೇಳಿದಳು. "ಮಗು ನಡುವೆ ಇದ್ದರೆ ತೊಂದರೆ ಇಲ್ಲ" ಎಂದು ನಿಂತಲ್ಲೇ ಹೊಸ ಶಾಸ್ತ್ರ ಮಾಡಿದಿರಿ. ಇಂಜಿನ್ ಸ್ಟಾರ್ಟ್ ಮಾಡದೆ ಬೈಕನ್ನು ತಳ್ಳುತ್ತಾ ಹೊರಟಿರಿ. ಅವಳು ಟ್ಯಾಂಕನ್ನು ಎರಡೂ ಕೈಯಿಂದ ಬಡಿಯುತ್ತಿದ್ದಳು. ಚಕ್ರ ತಿರುಗುವ ಚಿಟಿಚಿಟಿ ಶಬ್ದ ಬಿಟ್ಟರೆ ಬೇರೇನೂ ಇಲ್ಲ. ಎದುರು ಬಂದವರು, "ಎಂತ ಭಟ್ರೇ, ಪೆಟ್ರೋಲ್ ಖಾಲಿಯಾ?" ಎಂದರು. "ಇಲ್ಲ, ಮೊಮ್ಮಗಳಿಗೆ ಡ್ರೈವಿಂಗ್ ಕಲಿಸುವುದು" ಎಂದಿರಿ. ನಿಮಗೆ ಗೊತ್ತಿದೆ ಎಂದು ನನಗೆ ಆಗ ತಿಳಿಯಿತು. ಎಂದಿನಿಂದ ಗೊತ್ತಿತ್ತು ಎಂದು ಕೇಳುವ ಧೈರ್ಯ ಬರಲಿಲ್ಲ. ಇನ್ನು ಎಲ್ಲ ಸರಿಯಾಯಿತು ಎಂದುಕೊಂಡೆ. ಹೆದ್ದಾರಿಯ ಅಂಚು ಬರುವವರೆಗೆ ಹಾಗೆ ಅಂದುಕೊಂಡಿದ್ದೆ.

ಅಲ್ಲಿ ಬೈಕು ನಿಲ್ಲಿಸಿದಿರಿ. ಅವಳ ತಲೆಯನ್ನು ಮೂಸಿ ನನ್ನ ಕೈಗೆ ಕೊಟ್ಟು, ಅಭಿರಾಮ್ ಹಿಂದಿನಿಂದ ತರುತ್ತಿದ್ದ ಕಾರು ತೋರಿಸಿ, "ಇಲ್ಲಿಂದ ನೀವು ಕಾರಿನಲ್ಲಿ ಬನ್ನಿ" ಎಂದಿರಿ.

"ನೀವೂ ಕಾರಿನಲ್ಲೇ ಬನ್ನಿ ಅಪ್ಪ."

"ಮಡಿ" ಎಂದಿರಿ. ಅಷ್ಟೇ. ನಿಮ್ಮ ತೋಳು ಹಿಡಿದು ನಿಲ್ಲಿಸಬಹುದಿತ್ತು. ಮುಟ್ಟುವ ಹಾಗಿರಲಿಲ್ಲ. ಮಗು ನನ್ನ ಕೈಯಲ್ಲಿತ್ತು, ನಮ್ಮ ನಡುವೆ ಇರಲಿಲ್ಲ. ಹತ್ತಿದಿರಿ, ಕಾಲಿನಿಂದ ತುಳಿದಿರಿ, ಅದಕ್ಕೆ ಗೊತ್ತಾಯಿತು.

ಮೊದಲ ಅರ್ಧ ನೀವು ಸರಿಯಾಗಿಯೇ ದಾಟಿದಿರಿ. ಅಲ್ಲಿ ವಾಹನ ಬರುವುದು ಬಲಗಡೆಯಿಂದ. ಡಿವೈಡರಿನ ಸಂದಿಯಲ್ಲಿ ನಿಂತು ಆ ಕಡೆ ಈ ಕಡೆ ಸ್ವಲ್ಪ ತಲೆ ತಿರುಗಿಸಿದ್ದೂ ಕಂಡಿತು. ಉಡುಪಿ ಕಡೆಯಿಂದ ಎಕ್ಸ್‌ಪ್ರೆಸ್ ಬಸ್ಸು ಬರುತ್ತಿತ್ತು. ನನಗೆ ಕಾಣುತ್ತಿತ್ತು. ಅದ್ಹೇಗೆ ನಿಮಗೆ ಕಾಣಲಿಲ್ಲ, ಅಷ್ಟು ದೊಡ್ಡ ಬಸ್ಸು, ಹಗಲಿನ ಬೆಳಕು. ನೀವು ಬೈಕನ್ನು ಮುಂದೆ ಬಿಟ್ಟಿರಿ. ಕೂಗಲೇ? ಕೂಗಿದರೆ ನೀವು ನಡುರಸ್ತೆಯಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗುತ್ತೀರಿ. ಕೂಗದೆ ಇರಲೇ? ನಿಮಗೆ ಕಾಣದ ಎಡಗಡೆಯನ್ನು ನಾನು ನೋಡುತ್ತಾ ನಿಂತೆ. ಬಸ್ಸಿನವನು ಹಾರನ್ ಒತ್ತಿ ಹಿಡಿದು, ಬ್ರೇಕ್ ಹಾಕಿ, ಡಿವೈಡರಿಗೆ ತಾಗುವಷ್ಟು ಸರಿದು ನಿಮ್ಮ ಹಿಂದಿನಿಂದ ಹೋದ. ನೀವು ಆಚೆ ತಲುಪಿ ತಿರುಗಿ ಕೈ ಬೀಸಿದಿರಿ. ನಾನೂ ಮಗುವಿನ ಕೈ ಹಿಡಿದು ಬೀಸಿದೆ.

ಅವಳ ನಾಲಗೆಗೆ ಪಾಯಸ ಮುಟ್ಟಿಸುವಾಗ, "ಈ ಬಸ್ಸಿನವರ ಹಾರನ್ ಒಂದು, ಯಾರಿಗೆ ಹಾಕುತ್ತಾರೆ ಅಂತಲೇ ಗೊತ್ತಾಗುವುದಿಲ್ಲ" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿಮಗೆ ಮೊಮ್ಮಗಳ ಬಗ್ಗೆ ಗೊತ್ತಾಯಿತು, ನಿಮ್ಮ ಬಗ್ಗೆ ಯಾಕೆ ಗೊತ್ತಾಗುವುದಿಲ್ಲ? ಅವಳನ್ನು ಇಳಿಸಿದ ಹಾಗೆ ನಿಮ್ಮನ್ನು ಇಳಿಸುವವರು ಯಾರು? ನಾನು ನಿಮ್ಮ ಟ್ಯಾಂಕಿನ ಮೇಲೆ ಬೆಳೆದವಳು, ನನ್ನಿಂದ ಆಗುತ್ತಿಲ್ಲ. ಬೀಗದ ಕೈ ಅಡಗಿಸಿಡು ಎಂದು ಅಭಿರಾಮ್ ಹೇಳಿದರು. ನೀವು ಗೋಡೆಯ ಮೊಳೆಯನ್ನು ತಡವುತ್ತಾ ನಿಲ್ಲುವುದನ್ನು ನೆನೆದು ಅದೂ ಆಗಲಿಲ್ಲ. ಬರುವ ಭಾನುವಾರ ನಾವು ಬಂದಾಗ ಈ ಪತ್ರ ಇಡುತ್ತೇನೆ. ಎಡಗಡೆಗೆ ಒಂದು ಹೊಸ ಕನ್ನಡಿಯನ್ನು ಅಭಿರಾಮ್ ತಂದಿಟ್ಟಿದ್ದಾರೆ, ಅಂದೇ ಹಾಕಿಕೊಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಬೇರೆ ಏನು ಮಾಡುವುದು ಎಂದು ಇಬ್ಬರಿಗೂ ಗೊತ್ತಿಲ್ಲ.

ಒಂದೇ ಒಂದು ಕೇಳುತ್ತೇನೆ. ಹೆದ್ದಾರಿಯ ಗದ್ದಲದಲ್ಲಿ ದೇವಸ್ಥಾನದ ಘಂಟೆ ಈಗ ಮನೆಗೆ ಕೇಳುವುದಿಲ್ಲ ಎಂದು ನೀವು ಮುಟ್ಟಿದ ಕೂಡಲೇ ಅಮ್ಮನಿಗೆ ಮಿಸ್ ಕಾಲ್ ಕೊಡುತ್ತೀರಲ್ಲ. ಅದರ ಹಿಂದೆಯೇ ನನಗೂ ಒಂದು ಕೊಡಿ. ಹೊತ್ತು ಎಷ್ಟಾದರೂ ಪರವಾಗಿಲ್ಲ, ನಾನು ಎಚ್ಚರವೇ ಇರುತ್ತೇನೆ. ಎತ್ತುವುದಿಲ್ಲ. ಅದು ರಿಂಗಾಗಿ ನಿಂತ ಮೇಲೆ ಸ್ವಲ್ಪ ಮಲಗುತ್ತೇನೆ.

ಊರಿನವರ ಎಲ್ಲ ಗಾಡಿಗಳಿಗೂ ನೀವು ಕೇಳಿಕೊಂಡದ್ದನ್ನು, ನಿಮ್ಮ ಗಾಡಿಗೆ ನಾನು ಕೇಳಿಕೊಳ್ಳುತ್ತಿದ್ದೇನೆ. ಎದುರಿನದ್ದು ನಿಮಗೆ ಕಾಣುತ್ತಿರಲಿ, ಎಡಗಡೆಯನ್ನು ದೇವರು ನೋಡಿಕೊಳ್ಳಲಿ. ಹೋಗಿ ಅಪ್ಪ, ನಿಧಾನ.

ನಿಮ್ಮ ಮಗಳು,
ಶರ್ವಾಣಿ